ಮನೆಯ ಹಿಂಬದಿ: ಚಾರ್ಟಿಸ್ಟ್ ಹಿಡುವಳಿದಾರನ ಮನೆಯೊಂದರ ಪ್ರಕರಣ ಅಧ್ಯಯನ

ಇಂಗ್ಲೆಂಡಿನಲ್ಲಿ 1840ರ ದಶಕದ ಕೊನೆಯಲ್ಲಿ ಚಾರ್ಟಿಸ್ಟ್ ಚಳವಳಿಯ ಭೂಯೋಜನೆಯಡಿ ಸಣ್ಣ ಹಿಡುವಳಿದಾರನೊಬ್ಬನಿಗಾಗಿ ಕಟ್ಟಿದ, ಈಗ ಎರಡನೇ ದರ್ಜೆಯ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿರುವ ಒಂದಂತಸ್ತಿನ ಮನೆಯ ದುರಸ್ತಿ ಮತ್ತು ವಿಸ್ತರಣೆಗೆ ಸಂಬಂಧಿಸಿದ ಪ್ರಕರಣವಿದು. ಕಟ್ಟಡದ ಇತಿಹಾಸವನ್ನು ಪರಿಶೀಲಿಸಿ ವರದಿ ಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಇಂಥ ಮನೆಗಳು ಇಂಗ್ಲೆಂಡಿನಲ್ಲಿ ಐದೇ ಜಾಗಗಳಲ್ಲಿವೆ. ಅವುಗಳಲ್ಲಿ ಯಾವ ಜಾಗವೆಂದು ಹೇಳಿದರೂ ಮನೆಯನ್ನು ಗುರುತಿಸುವುದು ಕಷ್ಟವಲ್ಲವಾದ್ದರಿಂದ ಊರಿನ ಹೆಸರನ್ನೂ ಮಾಲೀಕರ ವಿವರವನ್ನೂ ಬಿಟ್ಟಿದ್ದೇನೆ, ಕೆಲವು ಸಣ್ಣ ಸಂಗತಿಗಳನ್ನು ಬದಲಿಸಿದ್ದೇನೆ. ಮನೆಯ ಒಡೆಯರನ್ನು ದಂಪತಿ ಎಂದಷ್ಟೇ ಕರೆಯುತ್ತೇನೆ.

ಹಿನ್ನೆಲೆ

ವಯಸ್ಕ ಗಂಡಸರಿಗೆಲ್ಲ ಮತದಾನದ ಹಕ್ಕು ಬೇಕೆಂಬುದೂ ಸೇರಿ ಆರು ಬೇಡಿಕೆಗಳನ್ನು ಮುಂದಿಟ್ಟ ಚಾರ್ಟಿಸ್ಟ್ ಚಳವಳಿ 1838ರಲ್ಲಿ ರೂಪುಗೊಂಡಿತು. 1839ರಲ್ಲೂ 1842ರಲ್ಲೂ ಲಕ್ಷಾಂತರ ಸಹಿಗಳೊಡನೆ ಸಲ್ಲಿಸಿದ ಮನವಿಗಳನ್ನು ಪಾರ್ಲಿಮೆಂಟು ತಿರಸ್ಕರಿಸಿದ ಮೇಲೆ, ಚಳವಳಿಯ ಅತ್ಯಂತ ಜನಪ್ರಿಯ ನಾಯಕನಾಗಿದ್ದ ಐರ್ಲೆಂಡಿನ ಫರ್ಗಸ್ ಓಕಾನರ್ ಭೂಮಿಯ ಕಡೆಗೆ ತಿರುಗಿದ. ಗಿರಣಿ ಊರುಗಳಲ್ಲಿ ಕೆಲಸಕ್ಕಾಗಿ ಪೈಪೋಟಿ ನಡೆಸುತ್ತಿದ್ದ ಕೈಗಳಲ್ಲಿ ಒಂದಿಷ್ಟನ್ನು ನೆಲಕ್ಕೆ ಹಚ್ಚಿದರೆ ಅಲ್ಲಿ ಉಳಿದವರ ಕೂಲಿ ಏರುತ್ತದೆ, ನೆಲ ಸಿಕ್ಕವನು ಯಾರಿಗೂ ತಲೆಬಾಗದೆ ಬದುಕುತ್ತಾನೆ ಎಂಬುದು ಅವನ ಲೆಕ್ಕ. ಗುದ್ದಲಿಯಿಂದಲೇ ಅಗೆದು ಆಲೂಗಡ್ಡೆ, ತರಕಾರಿ ಬೆಳೆದು, ಹಸುವನ್ನೂ ಹಂದಿಗಳನ್ನೂ ಸಾಕಿ, ಅವುಗಳ ಗೊಬ್ಬರವನ್ನು ಮತ್ತೆ ನೆಲಕ್ಕೆ ಸೇರಿಸಿದರೆ ನಾಲ್ಕು ಎಕರೆಯಲ್ಲಿ ಒಂದು ಸಂಸಾರ ಬದುಕಬಲ್ಲದೆಂದು ಅವನು ನಂಬಿದ್ದ.

1845ರಲ್ಲಿ ಇದಕ್ಕಾಗಿ ಹುಟ್ಟಿದ ಸಂಸ್ಥೆ ಮುಂದೆ ನ್ಯಾಷನಲ್ ಲ್ಯಾಂಡ್ ಕಂಪನಿ ಎಂಬ ಹೆಸರು ಪಡೆಯಿತು. ಎರಡು ಎಕರೆಯ ಹಿಡುವಳಿಗೆ 2 ಪೌಂಡ್ 12 ಶಿಲಿಂಗ್, ನಾಲ್ಕು ಎಕರೆಗೆ 5 ಪೌಂಡ್ 4 ಶಿಲಿಂಗ್ ಷೇರು ಹಣ. ಅದನ್ನು ವಾರವಾರ ಪೆನ್ನಿಗಳ ಲೆಕ್ಕದಲ್ಲಿ ಕಟ್ಟಬಹುದಿತ್ತು. ಚೀಟಿ ಎತ್ತಿದಾಗ ಹೆಸರು ಬಂದವನಿಗೆ ಮನೆ, ನೆಲ ಮತ್ತು ಹಿಡುವಳಿಯ ಅಳತೆಗೆ ತಕ್ಕಂತೆ 15ರಿಂದ 30 ಪೌಂಡಿನವರೆಗೆ ಆರಂಭದ ನೆರವು ದೊರೆಯುತ್ತಿತ್ತು. ಪ್ರತಿಯಾಗಿ ಅವನು ವರ್ಷಕ್ಕಿಷ್ಟು ಗೇಣಿ ಕೊಡಬೇಕು. ಸುಮಾರು 70,000 ಮಂದಿ ಷೇರು ಹಿಡಿದರು. ನೆಲ ಕಂಡವರು ಸುಮಾರು 250 ಕುಟುಂಬಗಳು ಮಾತ್ರ. ಹರ್ಟ್‌ಫರ್ಡ್‌ಶೈರಿನ ಹೆರನ್ಸ್‌ಗೇಟ್ 1847ರ ಮೇ 1ರಂದು ತೆರೆಯಿತು. ಆಮೇಲೆ ಲೋಬ್ಯಾಂಡ್ಸ್, ಆಕ್ಸ್‌ಫರ್ಡ್‌ಶೈರಿನ ಚಾರ್ಟರ್‌ವಿಲ್, ಗ್ಲಾಸ್ಟರ್‌ಶೈರಿನ ಸ್ನಿಗ್ಸ್ ಎಂಡ್, ಕೊನೆಗೆ 1849ರಲ್ಲಿ ವುಸ್ಟರ್‌ಶೈರಿನ ಗ್ರೇಟ್ ಡಾಡ್‌ಫರ್ಡ್.

1848ರಲ್ಲಿ ಕಂಪನಿಯ ವ್ಯವಹಾರವನ್ನು ವಿಚಾರಿಸಿದ ಪಾರ್ಲಿಮೆಂಟಿನ ಸಮಿತಿ, ಚೀಟಿ ಎತ್ತಿ ನೆಲ ಹಂಚುವ ಈ ಯೋಜನೆ ಕಾನೂನಿಗೆ ವಿರುದ್ಧವೆಂದಿತು. ಲೆಕ್ಕಪತ್ರ ಗೊಂದಲದಲ್ಲಿತ್ತು, ಆದರೆ ಓಕಾನರ್ ಹಣ ನುಂಗಿರಲಿಲ್ಲ. ಕಂಪನಿಯೇ ಅವನಿಗೆ ಮೂರು ಸಾವಿರ ಪೌಂಡಿಗೂ ಹೆಚ್ಚು ಕೊಡಬೇಕಿತ್ತು. 1851ರ ಶಾಸನದೊಂದಿಗೆ ಕಂಪನಿ ಮುಚ್ಚಿತು. ಓಕಾನರ್ 1852ರಲ್ಲಿ ಮನೋರೋಗಿಗಳ ಆಶ್ರಯಕ್ಕೆ ಸೇರಿ 1855ರಲ್ಲಿ ತೀರಿಕೊಂಡ. ಹಿಡುವಳಿದಾರರಲ್ಲಿ ಹಲವರು ಅಷ್ಟರೊಳಗೆ ಗೇಣಿಯ ಜಗಳದಲ್ಲಿ, ಅಡಮಾನ ಹಿಡಿದವರ ಒತ್ತಡದಲ್ಲಿ, ಇಲ್ಲವೇ ಬರೀ ಹಸಿವಿನಲ್ಲಿ ಜಾಗ ಬಿಟ್ಟಿದ್ದರು. ಈ ಪ್ರಕರಣದ ಮನೆಗೆ ಮೊದಲು ಬಂದವನು ಉತ್ತರದ ಜವಳಿ ಊರೊಂದರ ನೇಕಾರ. 1861ರ ಜನಗಣತಿಯ ಹೊತ್ತಿಗೆ ಅಲ್ಲಿ ಬೇರೆ ಸಂಸಾರವಿತ್ತು.

ಹಾಗೆಂದು ಎಲ್ಲವೂ ಸೋಲಿನ ಚರಿತ್ರೆಯಲ್ಲ. ಗ್ರೇಟ್ ಡಾಡ್‌ಫರ್ಡಿನ ಭಾರವಾದ ಜೇಡಿಮಣ್ಣಿನಲ್ಲಿ ಓಕಾನರನ ಆಲೂಗಡ್ಡೆ ಕೈಕೊಟ್ಟರೂ ಮುಂದಿನ ತಲೆಮಾರು ಸ್ಟ್ರಾಬೆರಿ ಬೆಳೆದು ಬರ್ಮಿಂಗ್‌ಹ್ಯಾಮಿನ ಮಾರುಕಟ್ಟೆಗೆ ಕಳಿಸಿ ಬದುಕು ಕಟ್ಟಿಕೊಂಡಿತು. ಅಲ್ಲಿಯ ಬೆಳ್ಳುಳ್ಳಿ ವುಸ್ಟರ್ ಸಾಸ್ ತಯಾರಕರಿಗೆ ಹೋಗುತ್ತಿತ್ತು. ಯೋಜನೆ ಸತ್ತ ಎಷ್ಟೋ ವರ್ಷಗಳ ಮೇಲೆ, 1885ರ ಚುನಾವಣೆಯಲ್ಲಿ, 'ಮೂರು ಎಕರೆ, ಒಂದು ಹಸು' ಎಂಬುದು ರಾಜಕೀಯ ಘೋಷಣೆಯಾಯಿತು. 1892 ಮತ್ತು 1908ರ ಸಣ್ಣ ಹಿಡುವಳಿ ಕಾಯಿದೆಗಳೂ ಬಂದವು.

ಮನೆಯ ರೂಪ

ಐದೂ ಜಾಗಗಳ ಮನೆಗಳು ಅಣ್ಣತಮ್ಮಂದಿರಂತಿವೆ. ವಿನ್ಯಾಸ ಓಕಾನರನದೇ ಎಂಬ ಅಭಿಪ್ರಾಯ ಬಲವಾಗಿದೆ. ಒಂದೇ ಅಂತಸ್ತು, ಸ್ಲೇಟಿನ ಮಾಡು, ನಡುವೆ ಬಾಗಿಲು, ಅದರ ಮೇಲೆ ತುಸು ಮುಂದಕ್ಕೆ ಚಾಚಿದ ತ್ರಿಕೋನದ ಮುಖಗೋಡೆ, ಅದರೊಳಗೆ ಮೂರೆಸಳಿನ ಒಂದು ಅಲಂಕಾರ. ನಡುವಿನ ಕೋಣೆ ಅಡುಗೆಗೂ ಕೂರುವುದಕ್ಕೂ ಆಗುತ್ತಿತ್ತು, ಎರಡು ಬದಿಗೆ ಒಂದೊಂದು ಕೋಣೆ. ಇವುಗಳ ಬೆನ್ನಿಗೆ ಕೆಲಸದ ಸಾಲು: ಬಟ್ಟೆ ಪಾತ್ರೆ ತೊಳೆಯುವ ಕೋಣೆ, ಹಾಲುಮನೆ, ದಾಸ್ತಾನಿನ ಜಾಗ, ಹಂದಿದೊಡ್ಡಿ.

ಈ ರೂಪದ ಹಿಂದೆ ತೆರಿಗೆಗಳ ನೆರಳೂ ಇದೆ. ಇಟ್ಟಿಗೆಯ ಮೇಲಿನ ತೆರಿಗೆ 1850ರ ತನಕ ಇತ್ತು, ಅಂದರೆ ಇಟ್ಟಿಗೆ ಬಳಸಿ ಕಟ್ಟಿದ ಕಡೆಗಳಲ್ಲಿ ಕಂಪನಿ ಪ್ರತಿ ಇಟ್ಟಿಗೆಗೂ ಸುಂಕ ತೆತ್ತಿದೆ. ಗಾಜಿನ ಸುಂಕ 1845ರಲ್ಲಿ ಆಗತಾನೆ ರದ್ದಾಗಿತ್ತು. ಕಿಟಕಿ ತೆರಿಗೆ 1851ರವರೆಗೆ ನಡೆದರೂ ಎಂಟಕ್ಕಿಂತ ಕಡಿಮೆ ಕಿಟಕಿಗಳ ಮನೆಗೆ ತಗಲುತ್ತಿರಲಿಲ್ಲ. ಇಷ್ಟೆಲ್ಲ ಬಿಗಿಯಲ್ಲಿ ಕಟ್ಟುವವನು ಮುಂಭಾಗಕ್ಕೆ ಅಲಂಕಾರ ಮಾಡಿದ್ದೇಕೆ ಎಂಬುದಕ್ಕೆ ಉತ್ತರ ಸುಲಭ: ಇದು ಜಮೀನುದಾರ ತನ್ನ ಕೂಲಿಯವನಿಗೆ ಕಟ್ಟಿಸಿಕೊಟ್ಟ ಗುಡಿಸಲಲ್ಲ ಎಂದು ದಾರಿಯಲ್ಲಿ ಹೋಗುವವರಿಗೆ ತಿಳಿಯಬೇಕಿತ್ತು. ಅದಕ್ಕಿಂತ ದೊಡ್ಡ ಮಾತನ್ನು ಹೇಳುವುದು ಹಿಂಬದಿಯ ಸಾಲು. ಹಾಲು ಕಾಯ್ದಿಡಲು ತಣ್ಣನೆಯ ಕೋಣೆ, ಹಂದಿಗೆ ಪ್ರತ್ಯೇಕ ದೊಡ್ಡಿ ಇವೆಲ್ಲ ಕೂಲಿಯವನ ಮನೆಗಿಂತ ಬೇಸಾಯಗಾರನ ಮನೆಗೆ ಹೊಂದುವ ಅಂಗಗಳು. ಒಬ್ಬ ನೇಕಾರನನ್ನು ಬೇಸಾಯಗಾರನಾಗಿ ಮಾಡುವ ಯೋಜನೆ ಇಟ್ಟಿಗೆಯಲ್ಲಿ ಕಾಣುವುದು ಅಲ್ಲಿ.

ಸಮಸ್ಯೆ

ದಂಪತಿ ಮನೆ ಕೊಂಡಾಗ ಗೋಡೆಗಳಿಗೆ ಇಪ್ಪತ್ತನೇ ಶತಮಾನದ ಎರಡನೇ ಅರ್ಧದಲ್ಲಿ ಬಳಿದ ಸಿಮೆಂಟಿನ ಗಿಲಾವು ಇತ್ತು, ನೆಲಕ್ಕೆ ಕಾಂಕ್ರೀಟು, ಒಳಗೆ ಪ್ಲಾಸ್ಟಿಕ್ ಬಣ್ಣ. ಮೂಲೆಗಳಲ್ಲಿ ಬೂಷ್ಟು, ಗೋಡೆಯ ಬುಡದಲ್ಲಿ ಉದುರುವ ಪುಡಿ. ತೇವ ನಿವಾರಣೆಯ ಗುತ್ತಿಗೆದಾರರೊಬ್ಬರು ಗೋಡೆಗೆ ಎರಡು ಸೂಜಿಗಳ ಮೀಟರು ಒತ್ತಿ, ನೆಲದಿಂದ ನೀರು ಏರುತ್ತಿದೆಯೆಂದು ತೀರ್ಮಾನಿಸಿ, ಇಟ್ಟಿಗೆಗೆ ರಾಸಾಯನಿಕ ತುಂಬಿ ಒಳಗಿನಿಂದ ನೀರುನಿರೋಧಕ ಗಿಲಾವು ಹಾಕುವ ಅಂದಾಜುಪಟ್ಟಿ ಕೊಟ್ಟಿದ್ದರು. ಇದರ ಜೊತೆಗೆ ಮೂರು ಕೋಣೆಯ ಮನೆ ಮಕ್ಕಳಿರುವ ಸಂಸಾರಕ್ಕೆ ಸಾಲದು. ಹಿಂಬದಿಯ ಇಳಿಮಾಡಿನ ಸಾಲನ್ನು ಕೆಡವಿ ಆ ಜಾಗದಲ್ಲಿ ಗಾಜಿನ ಗೋಡೆಯ ದೊಡ್ಡ ಅಡುಗೆಮನೆ ಮತ್ತು ಎರಡು ಮಲಗುವ ಕೋಣೆಗಳನ್ನು ಕಟ್ಟುವ ನಕ್ಷೆ ಸಿದ್ಧವಾಗಿತ್ತು.

ಈ ನಕ್ಷೆಗೆ ಆಧಾರ ಸಂರಕ್ಷಿತ ಪಟ್ಟಿಯಲ್ಲಿರುವ ವಿವರಣೆಯೇ. 1980ರ ದಶಕದ ಮರುಸಮೀಕ್ಷೆಯ ಅನೇಕ ನಮೂದುಗಳಂತೆ ಇದೂ ಒಂದು ಚಿಕ್ಕ ಪರಿಚ್ಛೇದ, ರಸ್ತೆಯಿಂದ ನೋಡಿ ಬರೆದದ್ದು. ಮುಖಗೋಡೆ, ಅಲಂಕಾರ, ಕಿಟಕಿಗಳನ್ನು ಹೆಸರಿಸಿ, ಕೊನೆಯಲ್ಲಿ ಹಿಂದೆ ಅನಂತರದ ಇಳಿಮಾಡು ಸೇರ್ಪಡೆಗಳಿವೆ ಎಂದು ಅರ್ಧ ವಾಕ್ಯ. ಆ ಅರ್ಧ ವಾಕ್ಯವನ್ನು ವಾಸ್ತುಶಿಲ್ಪಿ ನಂಬಿದರು, ದಂಪತಿ ನಂಬಿದರು, ಸ್ಥಳೀಯ ಆಡಳಿತದ ಸಂರಕ್ಷಣಾಧಿಕಾರಿಯೂ ಮೊದಲ ಸಮಾಲೋಚನೆಯಲ್ಲಿ ತಾತ್ವಿಕವಾಗಿ ಒಪ್ಪಿದ್ದರು. ಒಂದೇ ಷರತ್ತು, ಅರ್ಜಿಯ ಜೊತೆ ಕಟ್ಟಡದ ಮಹತ್ವವನ್ನು ವಿವರಿಸುವ ವರದಿ ಇರಬೇಕು. ಅದು ಎಲ್ಲ ಅರ್ಜಿಗಳಿಗೂ ಇರುವ ನಿಯಮ, ಹೀಗಾಗಿ ಯಾರೂ ಅದನ್ನು ದೊಡ್ಡದಾಗಿ ಎಣಿಸಿರಲಿಲ್ಲ.

ಇಲ್ಲಿ ಕಾನೂನಿನ ಒಂದು ಮಾತು ಹೇಳಬೇಕು. 1990ರ ಸಂರಕ್ಷಿತ ಕಟ್ಟಡಗಳ ಕಾಯಿದೆಯ ಪ್ರಕಾರ ರಕ್ಷಣೆ ಇಡೀ ಕಟ್ಟಡಕ್ಕೆ, ಒಳಗೂ ಹೊರಗೂ ಇರುತ್ತದೆ. ವಿವರಣೆಯಲ್ಲಿ ಹೆಸರಿಸದ ಭಾಗಕ್ಕೆ ರಕ್ಷಣೆಯಿಲ್ಲವೆಂದು ತಿಳಿಯುವುದು ತಪ್ಪು. ಅನುಮತಿಯಿಲ್ಲದೆ ಅದರ ಸ್ವರೂಪ ಕೆಡಿಸುವುದು ಅಪರಾಧ. ಇಂಗ್ಲೆಂಡಿನ ಪಟ್ಟಿಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಎರಡನೇ ದರ್ಜೆಯವು, ಅವುಗಳಲ್ಲಿ ಹೆಚ್ಚಿನವುಗಳ ಒಳಗೆ ಸಮೀಕ್ಷಕರು ಕಾಲಿಟ್ಟಿರುವುದಿಲ್ಲ.

ಪರಿಶೀಲನೆ, ಮತ್ತು ನಕ್ಷೆ ತಿರುಗಿದ ಬಗೆ

ಕಾಗದಗಳಿಂದ ಆರಂಭಿಸಿದೆವು. ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಕಂಪನಿಯ ಷೇರುದಾರರ ದಾಖಲೆಪುಸ್ತಕಗಳಿವೆ. ಹೆಸರು, ಊರು, ಕಸುಬು ಸಿಗುತ್ತವೆ, ಮನೆಯ ಬಗ್ಗೆ ಏನೂ ಸಿಗುವುದಿಲ್ಲ. ಸರ್ಕಾರಿ ನಕಾಶೆ ಸಂಸ್ಥೆಯಾದ ಆರ್ಡ್‌ನನ್ಸ್ ಸರ್ವೆಯ ಹಳೆಯ, ಮೈಲಿಗೆ 25 ಇಂಚಿನ ಅಳತೆಯ ನಕಾಶೆಯಲ್ಲಿ ಹಿಂಬದಿಯ ಸಾಲು ಇತ್ತು. ಆದರೆ ಅದು ಕಟ್ಟಡಕ್ಕಿಂತ ಒಂದು ತಲೆಮಾರು ತಡವಾಗಿ ಬಂದ ನಕಾಶೆ, ಮೊದಲಿನಿಂದ ಇತ್ತೆನ್ನಲು ಸಾಲದು. 1910ರ ಭೂಮೌಲ್ಯ ಸಮೀಕ್ಷೆಯ ಕ್ಷೇತ್ರಪುಸ್ತಕ ಹೆಚ್ಚು ಉಪಕಾರಿಯಾಯಿತು. ತೆರಿಗೆ ಅಧಿಕಾರಿ ಮನೆಯ ಹಿಂದೆ ಹಾಲುಮನೆ, ತೊಳೆಯುವ ಕೋಣೆ, ಹಂದಿದೊಡ್ಡಿ ಎಂದು ಬರೆದು, ಎಲ್ಲವೂ ಹಳೆಯವು ಎಂದು ಟಿಪ್ಪಣಿ ಸೇರಿಸಿದ್ದ. ತೆರಿಗೆ ಅಧಿಕಾರಿಗಳಷ್ಟು ಸೂಕ್ಷ್ಮವಾಗಿ ಬಡವರ ಮನೆಗಳನ್ನು ನೋಡಿದವರು ಕಡಿಮೆ.

ತೀರ್ಮಾನ ಗೋಡೆಯಲ್ಲಿತ್ತು. ಅಧಿಕಾರಿಯ ಒಪ್ಪಿಗೆ ಪಡೆದು, ಮುಖ್ಯ ಮನೆಯ ಗೋಡೆಯೂ ಹಿಂಬದಿಯ ಗೋಡೆಯೂ ಸೇರುವ ಕಡೆ ಅಂಗೈಯಗಲಕ್ಕಿಂತ ಸ್ವಲ್ಪ ಹೆಚ್ಚು ಸಿಮೆಂಟನ್ನು ಬಿಡಿಸಿದೆವು. ಆಮೇಲೆ ಸೇರಿಸಿದ ಕಟ್ಟಡವಾದರೆ ಎರಡು ಗೋಡೆಗಳ ನಡುವೆ ಮೇಲಿಂದ ಕೆಳಗೆ ನೇರವಾದ ಸಂದು ಕಾಣಬೇಕು. ಇಲ್ಲಿ ಒಂದು ಗೋಡೆಯ ಇಟ್ಟಿಗೆ ಸಾಲು ಇನ್ನೊಂದರೊಳಕ್ಕೆ ಹೆಣೆದುಕೊಂಡು ಹೋಗಿತ್ತು, ಎರಡರಲ್ಲೂ ಬೂದಿಯ ಚುಕ್ಕೆಗಳಿದ್ದ ಒಂದೇ ಸುಣ್ಣದ ಗಾರೆ. ಎರಡೂ ಒಟ್ಟಿಗೆ ಎದ್ದ ಗೋಡೆಗಳು. ಅನಂತರದ ಸೇರ್ಪಡೆ ಎನಿಸಿಕೊಂಡಿದ್ದರಲ್ಲಿ ಅನಂತರದ್ದು ಮಾಡಿನ ಹೊದಿಕೆ ಮಾತ್ರ, ಸ್ಲೇಟು ತೆಗೆದು ಯಾರೋ ತಗಡು ಹಾಕಿದ್ದರು. ರಸ್ತೆಯಿಂದ ನೋಡಿದ ಸಮೀಕ್ಷಕನಿಗೆ ಕಂಡದ್ದು ಆ ತಗಡು.

ಇನ್ನೊಂದು ಸುಳಿವು ತೇವದ ಕಡೆಯಿಂದ ಬಂತು. ಹಿಂಬದಿಯ ಮೂಲೆಯ ಕೋಣೆಯಲ್ಲಿ ಮೀಟರು ಏರಿದ ಮಟ್ಟದಲ್ಲೇ ನಿಂತಿತ್ತು, ಬೇಸಿಗೆಯಲ್ಲೂ ಇಳಿಯಲಿಲ್ಲ. ಗೋಡೆಯ ಪುಡಿಯನ್ನು ಪ್ರಯೋಗಾಲಯಕ್ಕೆ ಕಳಿಸಿದಾಗ ನೆಲದಿಂದ ಮೊಣಕಾಲಿನೆತ್ತರದ ತನಕ ನೈಟ್ರೇಟ್ ಲವಣ ಹೇರಳವಾಗಿತ್ತು, ಪಕ್ಕದ ಕೋಣೆಯ ಗೋಡೆಯಲ್ಲಿ ಇರಲಿಲ್ಲ. ನೆಲದ ನೀರು ಏರಿದ್ದರೆ ಎರಡರಲ್ಲೂ ಇರಬೇಕಿತ್ತು. ಪ್ರಾಣಿಗಳ ಮೂತ್ರದಿಂದ ಇಟ್ಟಿಗೆಗೆ ಇಳಿದ ಲವಣ ಗಾಳಿಯ ತೇವವನ್ನು ಹೀರಿಕೊಂಡು ಗೋಡೆಯನ್ನು ಹಸಿಯಾಗಿಡುತ್ತದೆ, ಮೀಟರಿನ ವಿದ್ಯುತ್ತೂ ಅದರಲ್ಲಿ ಸುಲಭವಾಗಿ ಹರಿಯುತ್ತದೆ. ಗುತ್ತಿಗೆದಾರರು ಏರುವ ನೀರೆಂದು ಓದಿದ್ದು ಹಿಂದಿನವರ ಹಂದಿಗಳನ್ನು.

ಗ್ರೇಟ್ ಡಾಡ್‌ಫರ್ಡಿನಲ್ಲಿ ಹಳೆಯ ಕಟ್ಟಡಗಳನ್ನು ಕಾಪಾಡುವ ದತ್ತಿ ಸಂಸ್ಥೆ ನ್ಯಾಷನಲ್ ಟ್ರಸ್ಟ್ 1997ರಲ್ಲಿ ಕೊಂಡು ದುರಸ್ತಿ ಮಾಡಿಸಿದ ರೋಸ್‌ಡೀನ್ ಎಂಬ ಮನೆಯನ್ನು ದಂಪತಿ ನೋಡಿಬಂದರು. ಅವರ ಮನಸ್ಸು ಬದಲಾದದ್ದು ನನ್ನ ವರದಿಯಿಂದಲ್ಲ, ಆ ಭೇಟಿಯಿಂದ ಎಂದು ನನಗನಿಸುತ್ತದೆ.

ಆದರೂ ನಿರ್ಧಾರ ಸಲೀಸಾಗಿರಲಿಲ್ಲ. ಹಳೆಯ ನಕ್ಷೆಯನ್ನೇ ಮುಂದುವರಿಸುವ ದಾರಿ ಅವರಿಗೆ ತೆರೆದಿತ್ತು. ಕಟ್ಟಡಕ್ಕಾಗುವ ಹಾನಿ ಮಿತವಾದದ್ದು, ಮನೆ ವಾಸಯೋಗ್ಯವಾಗಿ ಉಳಿಯುವುದರಿಂದ ಸಾರ್ವಜನಿಕರಿಗೂ ಪ್ರಯೋಜನವಿದೆ ಎಂದು ವಾದಿಸಬಹುದಿತ್ತು, ಯೋಜನಾ ನೀತಿಯಲ್ಲಿ ಅಂಥ ತೂಗಿನೋಟಕ್ಕೆ ಅವಕಾಶವಿದೆ. ಅಧಿಕಾರಿಯ ಮೊದಲ ಮೌಖಿಕ ಒಪ್ಪಿಗೆಯೂ ಅವರ ಕೈಯಲ್ಲಿತ್ತು. ಒಬ್ಬರು ಹೋರಾಡೋಣವೆಂದರು, ಇನ್ನೊಬ್ಬರು ಬೇಡವೆಂದರು. ಕಡೆಗೆ ಅರ್ಜಿ ಸಲ್ಲಿಸದೆ ಹಿಂದೆಗೆದುಕೊಂಡರು. ವಾಸ್ತುಶಿಲ್ಪಿಯ ಶುಲ್ಕದ ದೊಡ್ಡ ಪಾಲು ನೀರಿಗೆ ಹೋಯಿತು. ಗೋಡೆಯನ್ನು ಅಂಗೈಯಗಲ ಬಿಡಿಸಿ ನೋಡುವ ಕೆಲಸ ನಕ್ಷೆಗಿಂತ ಮುಂಚೆ ನಡೆದಿದ್ದರೆ ಅದು ಉಳಿಯುತ್ತಿತ್ತು. ಇಂಥ ಕಟ್ಟಡಗಳಲ್ಲಿ ಮೊದಲು ನಕ್ಷೆ, ಆಮೇಲೆ ಅದಕ್ಕೆ ಸಮರ್ಥನೆಯಾಗಿ ಇತಿಹಾಸ ಎಂಬ ಕ್ರಮ ರೂಢಿಯಾಗಿಬಿಟ್ಟಿದೆ.

ಎರಡನೇ ನಕ್ಷೆಯಲ್ಲಿ ಹಿಂಬದಿಯ ಸಾಲು ಉಳಿಯಿತು. ಹೊಸ ಕೋಣೆಗಳು ಹಿತ್ತಿಲಿನಾಚೆ, ಮೂಲ ಮನೆಗಿಂತ ತಗ್ಗಾದ ಪ್ರತ್ಯೇಕ ಕಟ್ಟಡವಾಗಿ ಬಂದವು, ನಡುವೆ ಕಿರಿದಾದ ಗಾಜಿನ ಓಣಿ. ತೊಳೆಯುವ ಕೋಣೆ ಬಚ್ಚಲಾಯಿತು, ಹಾಲುಮನೆ ಕಲ್ಲಿನ ಹಲಗೆಯ ಸಮೇತ ಉಗ್ರಾಣವಾಯಿತು. ಇಳಿಮಾಡಿನ ಕೆಳಗೆ ಎತ್ತರದವರು ತಲೆ ತಗ್ಗಿಸಿಯೇ ಓಡಾಡಬೇಕು. ಮಾಡಿನಲ್ಲಿ ಬಾವಲಿಗಳ ಗುರುತು ಸಿಕ್ಕಿದ್ದರಿಂದ ಬೇಸಿಗೆಯ ಸಮೀಕ್ಷೆ ಮುಗಿಯುವ ತನಕ ಸ್ಲೇಟಿನ ಕೆಲಸ ನಿಂತಿತು. ಸಂರಕ್ಷಿತ ಕಟ್ಟಡಗಳ ಅನುಮತಿ ಪಡೆದ ಬದಲಾವಣೆಗಳಿಗೆ ಒಂದು ಕಾಲದಲ್ಲಿ ಇದ್ದ ಮೌಲ್ಯವರ್ಧಿತ ತೆರಿಗೆಯ ವಿನಾಯಿತಿ 2012ರ ಅಕ್ಟೋಬರಿನಲ್ಲಿ ಹೋಗಿದೆ, ಆದ್ದರಿಂದ ಎಲ್ಲಕ್ಕೂ ಪೂರ್ತಿ ತೆರಿಗೆ.

ತೇವದ ಕೆಲಸ

ಸುಣ್ಣದ ಗಾರೆಯ ಗೋಡೆ ಮಳೆಯ ನೀರನ್ನು ಸ್ವಲ್ಪ ಕುಡಿದು ಬಿಸಿಲು ಗಾಳಿಗೆ ಮತ್ತೆ ಬಿಟ್ಟುಕೊಡುತ್ತದೆ. ಸಿಮೆಂಟು ಗಡಸು, ಗೋಡೆ ಕದಲಿದಾಗ ಬಿರಿಯುತ್ತದೆ, ಬಿರುಕಿನಿಂದ ಒಳಗೆ ಹೋದ ನೀರಿಗೆ ಹೊರಬರುವ ದಾರಿ ಇರುವುದಿಲ್ಲ. ನಮ್ಮ ಊರುಗಳ ಹಳೆಯ ಗಾರೆ ಮನೆಗಳಿಗೆ ಸಿಮೆಂಟು ಬಳಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರಾಸಾಯನಿಕದ ಅಂದಾಜುಪಟ್ಟಿಯನ್ನು ಬದಿಗಿಟ್ಟು, ಉತ್ತರದ ಒಂದೇ ಗೋಡೆಯಲ್ಲಿ ಪ್ರಯೋಗ ಮಾಡುವುದೆಂದು ತೀರ್ಮಾನವಾಯಿತು. ಹೊರಗೆ ವರ್ಷಗಳ ಕಾಲ ಏರುತ್ತ ಬಂದಿದ್ದ ಮಣ್ಣನ್ನೂ ಕಾಲುದಾರಿಯನ್ನೂ ಒಂದು ಗೇಣಿನಷ್ಟು ತಗ್ಗಿಸಿದರು, ಮಾಡಿನ ನೀರಿನ ಕೊಳವೆಗಳನ್ನು ಸರಿಪಡಿಸಿದರು, ಸಿಮೆಂಟು ಕಿತ್ತು ಸುಣ್ಣದ ಗಿಲಾವು ಮಾಡಿದರು. ಮೊದಲ ಚಳಿಗಾಲದಲ್ಲಿ ಗೋಡೆ ಹಿಂದಿಗಿಂತ ಕೆಟ್ಟದಾಗಿ ಕಂಡಿತು, ಒಳಗಿದ್ದ ಲವಣ ಹೊರಬಂದು ಬಿಳಿಯ ತುಪ್ಪಳದಂತೆ ನಿಂತಿತು. ಇಲ್ಲಿ ಇಡೀ ಯೋಜನೆ ಮಗುಚಿಬೀಳಬಹುದಿತ್ತು. ಕಟ್ಟಡದ ಗುತ್ತಿಗೆದಾರರು ಜಿಪ್ಸಮ್ ಗಿಲಾವು ಹೊಡೆದು ಮುಚ್ಚೋಣವೆಂದರು. ಒಣಗುವ ವೇಗ ತಿಂಗಳಿಗೆ ಒಂದು ಇಂಚೆಂಬ ವೃತ್ತಿಯ ಅಂದಾಜಿನಂತೆ, ಒಂಬತ್ತು ಇಂಚಿನ ಗೋಡೆಗೆ ವರ್ಷದ ಹತ್ತಿರ ಬೇಕೆಂದು ವಿವರಿಸಿದ ಮೇಲೆ ದಂಪತಿ ಕಾಯಲು ಒಪ್ಪಿದರು. ಲವಣವನ್ನು ಒಣ ಬ್ರಷ್ಷಿನಿಂದ ಉದುರಿಸುತ್ತ ಕಾದರು. ಮುಂದಿನ ಬೇಸಿಗೆಗೆ ಗೋಡೆ ಒಣಗಿತು, ಆಮೇಲೆ ಉಳಿದ ಗೋಡೆಗಳಿಗೂ ಅದೇ ಕ್ರಮ. ಕಾಂಕ್ರೀಟು ನೆಲದ ಬದಲು ಸುಣ್ಣ ಬೆರೆತ ಹೊಸ ನೆಲ ಬಂತು.

ಎರಡು ಕಡೆ ರಾಜಿಯಾಯಿತು. ಮುಂಭಾಗದಲ್ಲಿ ಸಿಮೆಂಟು ಇಟ್ಟಿಗೆಗೆ ಎಷ್ಟು ಬಿಗಿಯಾಗಿ ಕಚ್ಚಿತ್ತೆಂದರೆ ಕೀಳಲು ಹೋದರೆ ಇಟ್ಟಿಗೆಯ ಮುಖವೇ ಬರುತ್ತಿತ್ತು. ಅದನ್ನು ಹಾಗೆಯೇ ಬಿಡಬೇಕೆಂದು ಅಧಿಕಾರಿಯೂ ನಾವೂ ಒಪ್ಪಿದೆವು. ಹೀಗಾಗಿ ಪಟ್ಟಿಯ ವಿವರಣೆ ಹೊಗಳಿದ ಮುಂಭಾಗ ಇಂದಿಗೂ ಸಿಮೆಂಟಿನದು, ಅದು ಕಡೆಗಣಿಸಿದ ಹಿಂಭಾಗ ಸುಣ್ಣದ್ದು. ಹಂದಿದೊಡ್ಡಿಯ ಗೋಡೆ ಒಣಗಲೇ ಇಲ್ಲ. ಲವಣ ಹೀರುವ ಲೇಪವನ್ನು ಮತ್ತೆ ಮತ್ತೆ ಹಚ್ಚಿ ತೆಗೆದರೂ ಮಳೆಗಾಲದ ಗಾಳಿಗೆ ಬೆವರುತ್ತದೆ. ಅದನ್ನು ವಾಸದ ಕೋಣೆಯಾಗಿ ಮಾಡುವ ಆಸೆ ಬಿಟ್ಟು ಸೌದೆ, ಸೈಕಲ್ಲು ಇಡುವ ಜಾಗವಾಗಿ ಉಳಿಸಿದರು. ಇದು ಸೋಲಲ್ಲ, ಸರಿಯಾದ ಬಳಕೆ ಎಂದೇ ನನ್ನ ಅಭಿಪ್ರಾಯ.

ನೆಲ

ಪಟ್ಟಿಯ ವಿವರಣೆಯನ್ನು ತಿದ್ದಲು ಆ ಪಟ್ಟಿಯನ್ನು ನೋಡಿಕೊಳ್ಳುವ ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆಗೆ ಅರ್ಜಿ ಹೋಗಿದೆ, ಜೊತೆಗೆ ಗೋಡೆ ಸೇರುವ ಮೂಲೆಯ ಚಿತ್ರಗಳನ್ನೂ ಲವಣದ ವರದಿಯನ್ನೂ ಲಗತ್ತಿಸಿದ್ದೇವೆ. ಅಕ್ಕಪಕ್ಕದ ಮನೆಗಳ ಹಿಂಬದಿಯನ್ನೂ ಇದೇ ಕಣ್ಣಿನಿಂದ ನೋಡಬೇಕೆಂದು ಸಂರಕ್ಷಣಾಧಿಕಾರಿ ತಮ್ಮ ಕಡತದಲ್ಲಿ ಬರೆದುಕೊಂಡಿದ್ದಾರೆ. ಅವುಗಳಲ್ಲಿ ಹಲವು ಈಗಾಗಲೇ ಅನುಮತಿ ಪಡೆದು ಹಿಂಬದಿಯನ್ನು ಕಳೆದುಕೊಂಡಿವೆ, ಪ್ರತಿ ಬಾರಿಯೂ ಅದೇ ಬಗೆಯ ಅರ್ಧ ವಾಕ್ಯದ ಆಧಾರದ ಮೇಲೆ.

ಕಾನೂನಿನ ಕೈ ತಲುಪದ ಸಂಗತಿ ಹೊಲ. ಹಿಡುವಳಿಯೆಂದರೆ ಮನೆಯೂ ನೆಲವೂ ಸೇರಿದ್ದು, ನೆಲವಿಲ್ಲದೆ ಹಾಲುಮನೆಗೆ ಅರ್ಥವಿಲ್ಲ. ಪಟ್ಟಿಯ ರಕ್ಷಣೆ ಮನೆಗೂ ಅದರ ಅಂಗಳದೊಳಗಿನ, 1948ರ ಜುಲೈ 1ಕ್ಕಿಂತ ಹಳೆಯ ರಚನೆಗಳಿಗೂ ಅನ್ವಯಿಸುತ್ತದೆ, ಹೊಲಕ್ಕಲ್ಲ. ಎರಡನೇ ನಕ್ಷೆಯ ಖರ್ಚು ಏರಿದಾಗ ದಂಪತಿ ಮೇಲಿನ ಹೊಲವನ್ನು ಕುದುರೆ ಸಾಕುವ ನೆರೆಯವರಿಗೆ ಮಾರಿದರು. ಹಿಂಬದಿಯ ಸಾಲನ್ನು ಉಳಿಸಿದ್ದರ ಬೆಲೆಯನ್ನು ಹೊಲ ತೆತ್ತಿತು ಎಂದರೆ ತಪ್ಪಾಗದು. ಈ ಮಾತನ್ನು ವರದಿಯಲ್ಲಿ ಬರೆಯಲು ನನಗೆ ಜಾಗವಿರಲಿಲ್ಲ. ಮಾರುವ ಮುನ್ನ ಅವರ ವಕೀಲರು ಕ್ರಯಪತ್ರದಲ್ಲಿ ಎರಡು ನಿರ್ಬಂಧಗಳನ್ನು ಸೇರಿಸಿದರು: ಹೊಲದಲ್ಲಿ ಕಟ್ಟಡ ಎಬ್ಬಿಸಬಾರದು, 1840ರ ದಶಕದ ಗಡಿಬೇಲಿಯ ಗಿಡಗಳನ್ನು ಕೀಳಬಾರದು. ಈ ಷರತ್ತುಗಳನ್ನು ಜಾರಿ ಮಾಡಿಸುವ ಹಕ್ಕು ಈ ಮನೆ ಯಾರ ಕೈಯಲ್ಲಿರುತ್ತದೋ ಅವರಿಗಿದೆ, ಸ್ಥಳೀಯ ಆಡಳಿತಕ್ಕಿಲ್ಲ.